ಗಿಣಿ ಹಾರ್ತಾ ಐತಾ?

"ಮಂಚಯ್ಯನಿಗೆ ಮದುವೆ ಆಗೋಯ್ತಮ್ಮ... ನೀನು ಊರಿಗೆ ಹೋಗು."

ನಿಯಾನ್ ದೀಪದ ಬೋರ್ಡು ಮಾಡುವ ಕಾರ್ಖಾನೆಯ ಮಾಲೀಕ ಪಂಚಾಕ್ಷರಯ್ಯ ಅವಳ ಮುಖ ನೋಡದೆಯೇ ಹೇಳಿದರು.

ಮುದ್ದಮ್ಮ ಬಾಗಿಲು ಹಿಡಿದುಕೊಂಡಳು.

"ಸುಳ್ಳು! ನನ್ ಮಾವ ಅಂಗ್ ಮಾಡೋನಲ್ಲ, ಸಾ!"

"ಆರು ತಿಂಗಳಿಂದ ನಿನಗೊಂದು ಕಾಗದ ಬಂತಾ?"

ಅವಳು ಬಾಗಿಲು ಬಿಟ್ಟು ಬೀದಿಗಿಳಿದಳು.

ಮಂಚಯ್ಯ ಅವಳ ಸೋದರತ್ತೆಯ ಮಗ. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಬಗ್ಗಿಸಿ ಚಿತ್ರ ಮಾಡುವ ಕೆಲಸಕ್ಕೆಂದು ಹರದನಹಳ್ಳಿಯಿಂದ ಬೆಂಗಳೂರಿಗೆ ಬಂದು ಮೂರು ವರ್ಷ. ಅರವತ್ನಾಲ್ಕನೇ ಇಸವಿಯ ಯುಗಾದಿಗೆ ತಾಳಿ ಕಟ್ಟುತ್ತೇನೆ ಅಂದಿದ್ದ. ಬರಲಿಲ್ಲ. ಕಾದು ಕಾದು ಅಪ್ಪ ತಮ್ಮಯ್ಯ, ಹೆಂಡತಿ ಸತ್ತಿದ್ದ ಪಕ್ಕದೂರಿನವನೊಬ್ಬನಿಗೆ ಅವಳನ್ನು ಕೊಡುವುದಾಗಿ ಮಾತು ಕೊಟ್ಟುಬಿಟ್ಟ. ಆವತ್ತು ಬೆಳಿಗ್ಗೆ ಯಾರಿಗೂ ಹೇಳದೆ ಮುದ್ದಮ್ಮ ಬಸ್ಸು ಹತ್ತಿದ್ದಳು.

ಈಗ ಯಾವ ಮುಖ ಹೊತ್ತು ವಾಪಸ್ ಹೋಗಲಿ? ಓಡಿಬಂದವಳಿಗೆ ಬಾಗಿಲು ತೆಗೆಯೋರು ಯಾರು?

ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದೆ ನಡೆದಳು. ಹೊತ್ತು ಮುಳುಗಿ ಮೆಜೆಸ್ಟಿಕ್ಕಿನ ಅಂಗಡಿಗಳ ಮೇಲೆ ನಿಯಾನ್ ದೀಪದ ಚಿತ್ರಗಳು ಹತ್ತಿಕೊಂಡವು.

ಕೆಂಪು ಕಾಫಿ ಲೋಟದಿಂದ ನೀಲಿ ಹಬೆ ಎದ್ದಿತು. ಹಸಿರು ಲಂಗದ ಹುಡುಗಿ ಉಯ್ಯಾಲೆ ಜೀಕಿದಳು. ಕಾಲೇ ಇಲ್ಲದ ಎರಡು ಬೂಟು ಗೋಡೆಯ ಮೇಲೆ ಟಪಟಪ ನಡೆದು ಮಾಯವಾದವು! ಯಾರದೋ ಮಗು ಕೇಕೆ ಹಾಕಿತು. ಅಳುತ್ತಿದ್ದ ಮುದ್ದಮ್ಮನ ತುಟಿಯೂ ಒಂದು ಗಳಿಗೆ ಅರಳಿಬಿಟ್ಟಿತು.

ಮರುಕ್ಷಣವೇ ಹೊಟ್ಟೆ ಉರಿಯಿತು. ಇಂಥವನ್ನು ಮಾಡೋ ಕೈ ಇನ್ನೊಬ್ಬಳಿಗೆ ತಾಳಿ ಕಟ್ಟಿತಾ...

"ಸಾ... ಗಿಣಿ ಹಾರ್ತಾ ಐತಾ, ಸಾ?"

ಆ ದನಿ!

ಬಟ್ಟೆ ಅಂಗಡಿಯ ನೆತ್ತಿಯ ಮೇಲೆ ಹಸಿರು ಗಿಣಿಯ ದೀಪ. ಕೆಳಗೆ ಗೋಡೆಗೊರಗಿ ಮಂಚಯ್ಯ. ಕಪ್ಪು ಕನ್ನಡಕ, ಕೈಯಲ್ಲಿ ಕೋಲು, ಹಣೆಯಿಂದ ಕೆನ್ನೆಯವರೆಗೆ ಸುಟ್ಟ ಗಾಯ.

"ಹಾರ್ತಿದೆ, ಹಾರ್ತಿದೆ," ದಾರಿಹೋಕನೊಬ್ಬ ತಲೆ ಎತ್ತದೆಯೇ ಹೇಳಿ ಹೋದ.

ಮುದ್ದಮ್ಮ ಹತ್ತಿರ ಹೋದಳು.

"ಇಲ್ಲ, ಮಾವ... ಒಂದೇ ರೆಕ್ಕೆ ಆಡ್ತಾ ಐತೆ. ಇನ್ನೊಂದು ಕೆಟ್ಟೋಗೈತೆ."

ಕೋಲು ಕೆಳಗೆ ಬಿತ್ತು.

"ಮುದ್ದಿ...? ನೀ ಯಾಕ್ ಬಂದೆ? ಪಂಚಾಕ್ಷರಯ್ಯನೋರು ಏಳ್ಲಿಲ್ವಾ?"

"ನಿಂಗ್ ಮದ್ವೆ ಆಯ್ತು ಅಂದ್ರು. ನೀನೇ ಅಂಗ್ ಏಳ್ಸಿದ್ದಾ?"

ಅವನು ತಲೆ ತಗ್ಗಿಸಿದ.

"ಈ ಗಿಣೀನೇ ನಾ ಕಡೇಗೆ ಮಾಡಿದ್ದು. ಆಮೇಲೆ ಗಾಜು ಸಿಡೀತು ಕಣೆ. ಎರ್ಡೂ ಕಣ್ಣು ಓದ್ವು. ಕಾರ್ಖಾನೆ ಹಿಂದ್ಗಡೆ ರೂಮಲ್ಲಿ ಅವ್ರೇ ಮಡಿಕೊಂಡವ್ರೆ. ವಿಸ್ಯ ಗೊತ್ತಾದ್ರೆ ನೀ ಓಡ್ ಬತ್ತೀಯ, ಜೀವ್ನ ಆಳ್ ಮಾಡ್ಕತೀಯ ಅಂತ..."

ಅವಳು ಅವನ ಎದೆಗೆ ಗುದ್ದಿದಳು. ಮತ್ತೆ ಮತ್ತೆ ಗುದ್ದಿದಳು. ಕೊನೆಗೆ ಅಲ್ಲೇ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು.

"ಕಣ್ಣು ಓಯ್ತು ಅಂದಿದ್ರೆ ಅತ್ಕೊಂಡಾದ್ರೂ ನಿನ್ ತಾವ ಇರ್ತಿದ್ದೆ. ಮದ್ವೆ ಆಯ್ತು ಅಂದ್ರೆ ಎಂಗ್ ಬದುಕ್ಲಿ, ಮಾವ?"

"ನನ್ ತಾವ ಕತ್ಲು ಬಿಟ್ರೆ ಏನೂ ಇಲ್ಲ, ಮುದ್ದಿ..."

"ನೀನಿದ್ದೀಯಲ್ಲ!"

ಮಂಚಯ್ಯನ ಬೆರಳುಗಳು ಅವಳ ಹಣೆ, ಮೂಗು, ಒದ್ದೆ ಕೆನ್ನೆ ಹುಡುಕಿದವು.

"ನಿನ್ ಬಿಟ್ಟಿರಕ್ಕೆ ನನ್ ಕೈಲೂ ಆಗ್ಲಿಲ್ಲ ಕಣೆ," ಅಂದ.

ಅವಳು ಕಣ್ಣೊರೆಸಿಕೊಂಡು ಕೋಲೆತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ನಡಿ, ಪಂಚಾಕ್ಷರಯ್ಯನೋರ್ ತಾವ. ಸುಳ್ಳು ಏಳ್ದೋರೇ ನಿಂತು ತಾಳಿ ಕಟ್ಟುಸ್ಲಿ."

"ಈಗ್ಲೇನಾ?"

"ಈಗ್ಲೇ. ಕೈ ಕೊಡು... ಮುಂದೆ ಮೆಟ್ಲೈತೆ."