ಮರೆಗುಳಿ ಬೀಗ

"ಬಿಸಿ ಇನ್ನೂ ಸ್ವಲ್ಪ ಏರಿಸಲಾ?"

ಗೋಡೆಯ ಸ್ಪೀಕರಿನಲ್ಲಿ ಲ್ಯಾಬಿನ ಮ್ಯಾನೇಜರನ ದನಿ. ಅವನ ಟೈ ನೋಡಿ ನಾನಿಟ್ಟ ಹೆಸರು ಟೈ ಸಾಹೇಬ.

ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಕಿಟಕಿಯಿಲ್ಲದ ಕೋಣೆ. ಮೆಮೊರಿ ಕಾರ್ಡುಗಳನ್ನು ಬಿಸಿ ಮಾಡಿ ಪರೀಕ್ಷಿಸುವ ಜಾಗ. ಈಗ ಅಲ್ಲಿ ಬೇಯುತ್ತಿದ್ದವರು ನಾನು ಮತ್ತು ನನ್ನ ಅಕ್ಕ!

ಸಿಕ್ಕಿಬಿದ್ದವರನ್ನು ಬಿಡಿಸುವುದೇ ನನ್ನ ಕಸುಬು ಸಾರ್. "ಬಾರೋ, ಇವರು ನನ್ನ ಹೊರಗೆ ಬಿಡ್ತಿಲ್ಲ" ಎಂದು ಅಕ್ಕ ಫೋನ್ ಮಾಡಿದಳು. ಬಂದೆ. ಇಬ್ಬರು ಗಾರ್ಡುಗಳನ್ನು ಮಲಗಿಸಿದೆ. ಮೂರನೆಯವನು ನನ್ನನ್ನೂ ಒಳಕ್ಕೆ ದಬ್ಬಿದ. ಅಷ್ಟೇ ನನ್ನ ಸಾಹಸ.

ಆ ಮಧ್ಯಾಹ್ನ, ಎಲ್ಲ ಯಂತ್ರಗಳಿಗೂ ಒಂದೇ ಕಾರ್ಡು ಆರಿಸುವ ಸ್ಟ್ಯಾಂಡರ್ಡ್ ಕಮಿಟಿಯ ವೋಟು. ನಮ್ಮನ್ನು ಕೂಡಿಹಾಕಿದ ಈ ದೊಡ್ಡ ಕಂಪನಿಯ ಕಾರ್ಡು ಗೆದ್ದರೆ, ಕ್ಯಾಮೆರಾದಿಂದ ಆಸ್ಪತ್ರೆಯ ಮಾನಿಟರಿನವರೆಗೆ ಅದೊಂದೇ. ಸಣ್ಣ ಕಂಪನಿಗಳು ಕೂಡಿ ಮಾಡಿದ ಕಾರ್ಡಿಗೆ ತೂರಲು ಕಿಂಡಿಯೂ ಇರುವುದಿಲ್ಲ. ಕಮಿಟಿ ಕಳಿಸಿದ ಪರೀಕ್ಷಕಿ ನನ್ನ ಅಕ್ಕ. ಪರೀಕ್ಷೆ ಎಲ್ಲಿ? ಅರ್ಜಿ ಹಾಕಿದ ಕಂಪನಿಯ ಲ್ಯಾಬಿನಲ್ಲೇ! ಅದು ನಿಯಮ. ಬರೆದವರೂ ಇಂಥವರೇ!

ಬಿಸಿಯೇರಿದರೆ ದೊಡ್ಡ ಕಂಪನಿಯ ಕಾರ್ಡು ಎಲ್ಲವನ್ನೂ ಮರೆಯುತ್ತಿತ್ತು. ಅಕ್ಕ ಆ ದೋಷ ಪತ್ತೆ ಮಾಡಿದಳು. ಟೈ ಸಾಹೇಬ ಕಾರ್ಡನ್ನು ಬೂಟಿನಡಿ ಪುಡಿಮಾಡಿದ.

"ಅಧ್ಯಕ್ಷರಿಗೆ ಫೋನ್ ಹಾಕ್ಕೊಡ್ತೀನಿ ಮೇಡಂ. ಟೆಸ್ಟಿನಲ್ಲಿ ನಂದೇ ತಪ್ಪಾಯ್ತು ಅನ್ನಿ. ಬಾಗಿಲು ತೆಗೀತೀನಿ."

"ಮಾನಿಟರು ಮರೆತರೆ ರೋಗಿ ಸಾಯ್ತಾನೆ ಕಣಯ್ಯ," ಎಂದಳು ಅಕ್ಕ. "ಹೇಳಲ್ಲ, ಹೋಗು!"

ಫ್ಯಾನು ಭೋರ್ಗರೆಯಿತು. ಬಿಸಿ ಮುಖಕ್ಕೆ ರಾಚಿತು. ಬಾಗಿಲಿಗೆ ಒದ್ದೆ.

"ಒದೀಬೇಡವೋ, ದಂಡ!" ಅಕ್ಕ ಬೀಗದ ಪೆಟ್ಟಿಗೆಯತ್ತ ಬೆರಳು ತೋರಿದಳು. ಮೇಲೊಂದು ಸ್ಟಿಕ್ಕರ್: ನಮ್ಮ ಬಾಗಿಲಿಗೂ ನಮ್ಮದೇ ಮೆಮೊರಿ.

"ಒಳಗಿರೋದು ಆ ಕಾರ್ಡಿನದೇ ಮೆಮೊರಿ ಚಿಪ್ಪು," ಎಂದು ಪಿಸುಗುಟ್ಟಿದಳು. "ನೆನಪು ಹೋದ ಬೀಗ ತಾನೇ ತೆರ್ಕೋಬೇಕು. ಬೆಂಕಿ ಬಿದ್ದಾಗ ಜನ ಒಳಗೆ ಸಾಯಬಾರದಲ್ಲ."

"ಮತ್ತೆ ಯಾಕೆ ತೆರ್ಕೊಂಡಿಲ್ಲ?"

"ಬಿಸಿ ಸಾಲ್ತಿಲ್ಲ. ಆ ಪೈಪು ಕಿತ್ತು ಅದರ ಕಡೆ ತಿರುಗ್ಸು!"

ಶರ್ಟು ಬಿಚ್ಚಿ ಕೈಗೆ ಸುತ್ತಿದೆ. ಬಿಸಿಗಾಳಿಯ ಪೈಪು ಕಿತ್ತೆ. ಅಂಗೈ ಚುರ್ರೆಂದಿತು. ಪೈಪಿನ ಬಾಯಿಯನ್ನು ಪೆಟ್ಟಿಗೆಗೆ ಒತ್ತಿ ಹಿಡಿದೆ.

ಏನೂ ಆಗಲಿಲ್ಲ.

ಬಿಸಿಯ ಗುಂಡಿ ಹೊರಗೆ... ಅವನ ಕೈಯಲ್ಲಿ!

"ಅವನೇ ಏರಿಸ್ಬೇಕು," ಎಂದು ಅಕ್ಕ ಕಿವಿಯಲ್ಲಿ ಉಸುರಿದಳು. "ಚಿಕ್ಕಂದಿನಿಂದ ಎಲ್ಲರನ್ನೂ ರೇಗಿಸಿದೀಯ. ಈಗ ರೇಗಿಸು!"

"ಸಾಹೇಬ್ರೇ!" ಎಂದು ಕೂಗಿದೆ. "ಚಳಿ ಆಗ್ತಿದೆ. ಒಂದು ಕಂಬಳಿ ಕಳಿಸಿ!"

"ಕೊಬ್ಬಾ?"

"ಹೀಟರೂ ನಿಮ್ಮ ಕಾರ್ಡಿನ ಹಾಗೇನಾ? ಬರೀ ಜಾಹೀರಾತಲ್ಲಿ ಕೆಲಸ ಮಾಡುತ್ತಾ?"

ಫ್ಯಾನು ಕಿರುಚಿತು. ಅಕ್ಕ ಗೋಡೆಗೊರಗಿ ಕುಸಿದಳು.

"ಅಕ್ಕಾ!"

"ಬಾಯಿ... ನಿಲ್ಲಿಸ್ಬೇಡವೋ..."

ಕಣ್ಣು ಕತ್ತಲಿಟ್ಟಿತು. ಆದರೂ ಅರಚಿದೆ. "ನಿಮ್ಮ ಧಣಿಗಳು ನಿಮಗೆ ಟೈ ಕಟ್ಟಿಸಿರೋದು ಯಾಕೆ ಗೊತ್ತಾ? ಎಳ್ಕೊಂಡು ಹೋಗೋಕೆ ಸುಲಭ ಅಂತ!"

"ಬೆಂದು ಸಾಯಿ!"

ಟಕ್.

ಬಾಗಿಲು ಸಡಿಲವಾಯಿತು!

ಅಕ್ಕನನ್ನು ಎಳೆದುಕೊಂಡು ಹೊರಬಿದ್ದೆ. ಮೂರನೆಯ ಗಾರ್ಡು ಅವಳ ಕೆಂಪಗೆ ಬೆಂದ ಮುಖ ನೋಡಿದ. ಪಕ್ಕಕ್ಕೆ ಸರಿದ. ಟೈ ಸಾಹೇಬನ ಕೈ ಇನ್ನೂ ಗುಂಡಿಯ ಮೇಲಿತ್ತು. ನಾನು ಟೈ ಹಿಡಿದು ಎಳೆದೆ. ನಿಜಕ್ಕೂ ಸುಲಭವಿತ್ತು!

"ಓಡು ಅಕ್ಕಾ!"

"ತಡಿಯೋ." ಅವಳು ಬೀಗದ ಪೆಟ್ಟಿಗೆಯ ಸ್ಕ್ರೂ ಬಿಚ್ಚುತ್ತಿದ್ದಳು.

ಕಮಿಟಿ ಹಾಲಿಗೆ ನುಗ್ಗಿದಾಗ ವೋಟಿಗೆ ಕೈಗಳು ಏಳುವುದರಲ್ಲಿದ್ದವು. ಹಿಂದೆಯೇ ಟೈ ಸಾಹೇಬ ಏದುತ್ತ ಬಂದ.

"ನಮ್ಮ ಲ್ಯಾಬಿನ ಬೀಗ ಒಡೆದಿದ್ದಾರೆ! ಇವರ ಹತ್ರ ಟೆಸ್ಟ್ ರಿಸಲ್ಟೂ ಇಲ್ಲ!"

ಅಕ್ಕ ಪೆಟ್ಟಿಗೆಯನ್ನು ಅಧ್ಯಕ್ಷರ ಮುಂದಿಟ್ಟಳು. ಸ್ಟಿಕ್ಕರ್ ಮೇಲಿತ್ತು. ಕಂಪ್ಯೂಟರಿಗೆ ಜೋಡಿಸಿ ತೋರಿಸಿದಳು: ಒಳಗಿನ ಚಿಪ್ಪು ಖಾಲಿಯಿತ್ತು.

ಅಧ್ಯಕ್ಷರು ಕನ್ನಡಕ ಏರಿಸಿದರು. "ಇದನ್ನ ಕಾಯಿಸಿದ್ದು ಯಾರು?"

ನಾನು ಟೈ ಸಾಹೇಬನತ್ತ ಕೈ ತೋರಿದೆ.

"ಇವರೇ ಸಾರ್. ನಿಯಮದ ಪ್ರಕಾರ... ಕಂಪನಿಯ ಲ್ಯಾಬಿನಲ್ಲೇ!"