ಟೇಪು ಸುತ್ತಿದ ತುದಿಗಳು

ಒಂದಾನೊಂದು ಕಾಲದಲ್ಲಿ ಕಾರ್ಕಳದ ಸೈಕಲ್ ಅಂಗಡಿಯೊಂದರ ಹಿಂಬದಿಯಲ್ಲಿ ಪುಟ್ಟ ಕೇಬಲ್ ಕಂಪನಿಯೊಂದು ಇತ್ತಂತೆ. ನಾಲ್ಕು ಜನ, ಒಂದು ಏಣಿ. ಬೆಳೆದು ಬೆಳೆದು ಅದು ಮಣಿಪಾಲದಲ್ಲಿ ಡೇಟಾ ಸೆಂಟರ್ ಕಟ್ಟಿತು. ಕಡಲು ದಾಟಿ ಸಿಂಗಾಪುರ, ಜಕಾರ್ತಾಗಳಲ್ಲೂ ಕಟ್ಟಿತು.

2025ರ ಮಾರ್ಚ್ 11, ಬೆಳಿಗ್ಗೆ 10.20. ಆ ಕಂಪನಿಯ ಮ್ಯಾನೇಜರ್ ಡೆರಿಕ್ ಗ್ರಾಮಾಂತರ ಠಾಣೆಗೆ ದೂರು ತಂದರು. ಬಜಗೋಳಿಯಲ್ಲಿ ನೆಲದಡಿಯ ಫೈಬರ್ ಕೇಬಲನ್ನು ಯಾರೋ ಕತ್ತರಿಸಿದ್ದಾರೆ. ತಿಂಗಳಲ್ಲಿ ಇದು ಮೂರನೆಯ ಸಲ.

"ಕಳ್ಳತನವಾ?" ಎಸ್‌ಐ ಹರ್ಷಿಣಿ ಕೇಳಿದರು.

"ಒಂದು ಗೇಣೂ ಹೋಗಿಲ್ಲ ಮೇಡಂ. ಇನ್ನೊಮ್ಮೆ ಕಟ್ಟಾದರೆ ಕಂಪನಿ ಈ ಲೈನನ್ನೇ ಬಿಡುತ್ತದೆ."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಸ್ಥಳದಲ್ಲಿ ಪಂಚನಾಮೆ. ಕೇಬಲ್ ಕಡಿಯಲು ಅಗೆದಿದ್ದ ಗುಂಡಿಗೆ ಕಾನ್‌ಸ್ಟೇಬಲ್ ವಾಸು ಇಳಿದ.

"ಎಂತದು ಮಾರಾಯ್ರೆ ಇದು! ಕಡಿದವನೇ ಬ್ಯಾಂಡೇಜು ಹಾಕಿದ್ದಾನೆ."

ಕತ್ತರಿಸಿದ ಎರಡೂ ತುದಿಗಳಿಗೆ ಅಚ್ಚುಕಟ್ಟಾಗಿ ಟೇಪು ಸುತ್ತಿತ್ತು.

"ಹೀಗೆ ಯಾರು ಸುತ್ತುತ್ತಾರೆ?" ಹರ್ಷಿಣಿ ಜೊತೆಗಿದ್ದ ಡೆರಿಕ್‌ರನ್ನು ಕೇಳಿದರು.

"ನಮ್ಮ ಹಳೇ ಲೈನ್‌ಮನ್‌ಗಳು. ಜೋಡಿಸುವವರೆಗೆ ಒಳಗೆ ತೇವ ಹೋಗಬಾರದೆಂದು. ಈಗಿನ ಗುತ್ತಿಗೆಯವರಿಗೆ ಅಷ್ಟು ತಾಳ್ಮೆ ಎಲ್ಲಿ ಉಂಟು?"

"ಹಳಬರು ಇಲ್ಲಿ ಯಾರಿದ್ದಾರೆ?"

"ಸ್ಟ್ಯಾನಿಸ್ಲಾಸ್ ಒಬ್ಬರೇ. ರಿಟೈರ್ ಆಗಿ ಎರಡು ವರ್ಷ. ಜೋಡಿಸಲು ಬೇಕಾಗುವ ಹೆಚ್ಚುವರಿ ಕೇಬಲಿನ ಸುರುಳಿ ಎಲ್ಲೆಲ್ಲಿ ಹೂತದ್ದೆಂದು ಅವರಿಗೆ ಮಾತ್ರ ಗೊತ್ತು. ಕಟ್ಟಾದಾಗಲೆಲ್ಲ ಅವರನ್ನೇ ಕರೆಯುವುದು..." ಡೆರಿಕ್ ತಟ್ಟನೆ ಟೇಪಿನ ಕಡೆ ತಿರುಗಿ ನೋಡಿದರು.

ಮಧ್ಯಾಹ್ನ 1.10, ಪೇಟೆಯ ಬಾಡಿಗೆ ಕೋಣೆ. ಸ್ಟ್ಯಾನಿಸ್ಲಾಸ್ ಬೂಟು ಹಾಕಿ ಫೋನಿನೆದುರು ಕುಳಿತಿದ್ದರು. ಒಲೆಯ ಮೇಲೆ ಐದಾರು ಜನಕ್ಕಾಗುವಷ್ಟು ಗಂಜಿ.

"ಎಲ್ಲಿಗೆ ಹೊರಟದ್ದು ಪೊರ್ಬುಗಳೇ?" ಕ್ರಿಶ್ಚಿಯನ್ನರನ್ನು ಊರವರು ಕರೆಯುವ ಹೆಸರಿನಲ್ಲೇ ವಾಸು ಕೆಣಕಿದ.

"ಫೋನ್ ಬರಬಹುದು ಅಂತ."

"ಕತ್ತರಿಸಿದ್ದು ನೀವಾ?" ಹರ್ಷಿಣಿ ಕೇಳಿದರು.

"ಹೌದಮ್ಮ."

"ಎಂತಕ್ಕೆ?"

"ಕಟ್ಟಾದರೆ ಹುಡುಗರು ಬರ್ತಾರೆ. 'ಸ್ಟ್ಯಾನಿ ಅಂಕಲ್, ಎಲ್ಲಿ ಅಗೆಯುವುದು' ಅಂತ ಕೇಳ್ತಾರೆ. ಆಮೇಲೆ ಇಲ್ಲೇ ಊಟ, ತಮಾಷೆ." ಅವರು ಗಂಜಿಯ ಕಡೆ ನೋಡಿದರು. "ಬೇರೆ ದಿವಸ ಯಾರೂ ಬರುವುದಿಲ್ಲ."

"ಇನ್ನೊಮ್ಮೆ ಕಟ್ಟಾದರೆ ಲೈನೇ ಇರುವುದಿಲ್ಲವಂತೆ."

ಅದು ಅವರಿಗೆ ಗೊತ್ತಿರಲಿಲ್ಲ. ಎದ್ದು ಒಲೆ ಆರಿಸಿದರು.

"ಇದನ್ನು ಜೋಡಿಸಿಕೊಡ್ತೇನೆ. ಎಲ್ಲ ಸುರುಳಿಗಳ ಜಾಗವನ್ನೂ ಬರೆದುಕೊಡ್ತೇನೆ. ಮಾತು ಕೊಟ್ಟೆ."

1.40ಕ್ಕೆ ದಸ್ತಗಿರಿ. ಹರ್ಷಿಣಿ ಜೀಪನ್ನು ಠಾಣೆಯ ಬದಲು ಗುಂಡಿಯ ಕಡೆ ತಿರುಗಿಸಲು ಹೇಳಿದರು. ಕೂದಲಿನಂಥ ಎಳೆಗಳನ್ನು ಸ್ಟ್ಯಾನಿಸ್ಲಾಸ್ ಒಂದೊಂದಾಗಿ ಬೆಸೆದರು. 4.35ಕ್ಕೆ ಲೈನ್ ಬಂತು.

ಆಮೇಲೆ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆಯತೊಡಗಿದರು: ಚರ್ಚಿನ ಮೋರಿ, ಹಾಲಿನ ಡೈರಿಯ ಹಿಂದೆ, ಸೇತುವೆಯ ಬಲಕ್ಕೆ... ಹದಿನಾರು ಜಾಗ. ಕೊನೆಯ, ಹದಿನೇಳನೆಯ ಜಾಗಕ್ಕೆ ಪೆನ್ನು ನಿಂತಿತು; ಅದನ್ನೂ ಬರೆದರೆ ಮತ್ತೆ ಯಾರೂ ಅವರನ್ನು ಕರೆಯಬೇಕಾಗಿರಲಿಲ್ಲ. ಯಾರೂ ಅವಸರ ಮಾಡಲಿಲ್ಲ.

ಅದನ್ನೂ ಬರೆದು, ಕಾಗದವನ್ನು ಡೆರಿಕ್ ಕೈಗೆ ಕೊಟ್ಟರು.