ಖಾಲಿ ಮನೆಗಳಲ್ಲಿ ಒಗೆದ ಬಟ್ಟೆ

ಸೆಪ್ಟೆಂಬರ್ ಹನ್ನೊಂದು, ಸೋಮವಾರ, ಬೆಳಗ್ಗೆ ಒಂಬತ್ತೂವರೆ. ನೆವಾಡಾದ ಸಿಂಡರ್ ವೆಲ್ಸ್ ಠಾಣೆಗೆ ಕ್ರೇಗ್ ಲುಂಡ್‌ಬರ್ಗ್ ಎಂಬಾತ ಮುಖ ಗಂಟು ಹಾಕಿಕೊಂಡು ಬಂದ. ರೀನೋದಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ. ಠಾಣೆಯಲ್ಲಿ ಇದ್ದವರು ಇಬ್ಬರೇ: ಸಾರ್ಜೆಂಟ್ ಬ್ಯಾಟ್ ಎಚಾರ್ಟ್ ಮತ್ತು ಅವನ ಕೈಕೆಳಗಿನ ಡೆಪ್ಯುಟಿ ರೇವಾ ಟಾಮ್.

"ನಮ್ಮತ್ತೆ ಮನೆಗೆ ಯಾರೋ ನುಗ್ಗಿದಾರೆ. ಅತ್ತೆ ತೀರ್ಕೊಂಡು ಎರಡು ವರ್ಷ ಆಯ್ತು, ಬೀಗ ಹಾಕಿದ ಮನೆ."

"ಏನೇನು ಹೋಗಿದೆ?" ಎಚಾರ್ಟ್ ಕೇಳಿದ.

"ಏನೂ ಹೋಗಿಲ್ಲ."

"ಬೀಗ ಒಡೆದಿದಾರಾ?"

"ಇಲ್ಲ."

"ಮತ್ತೇನ್ರಿ?"

"ಪಾತ್ರೆ ತೊಳೆದು ಬೋರಲು ಹಾಕಿದಾರೆ. ಹಿತ್ತಲಲ್ಲಿ ಟೊಮ್ಯಾಟೊ ಬೆಳೆದಿದಾರೆ. ಬಚ್ಚಲ ತೊಟ್ಟಿ ಉಕ್ಕಿ ನೆಲದ ಹಲಗೆ ಉಬ್ಬಿಹೋಗಿದೆ. ಅದರ ಮೇಲೆ ನೀರಿನ ಬಿಲ್ಲು ಬೇರೆ!"

ಎಚಾರ್ಟ್ ಪೆನ್ನು ಕೆಳಗಿಟ್ಟ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕುರಿ ಕದ್ದವರನ್ನು ಹಿಡಿದಿದ್ದ, ಟ್ರ್ಯಾಕ್ಟರ್ ಕದ್ದವರನ್ನು ಹಿಡಿದಿದ್ದ. ಪಾತ್ರೆ ತೊಳೆದಿಟ್ಟು ಹೋದವರ ಮೇಲೆ ದೂರು ಬರೆದುಕೊಳ್ಳುವ ಕರ್ಮ ಬಂದದ್ದು ಇದೇ ಮೊದಲು. ಮತ್ತೆ ಪೆನ್ನು ಎತ್ತಿಕೊಂಡು ಅಕ್ರಮ ಪ್ರವೇಶ ಮತ್ತು ಆಸ್ತಿಹಾನಿ ಎಂದು ಪ್ರಕರಣ ದಾಖಲಿಸಿದ.

ಹನ್ನೊಂದು ಗಂಟೆಗೆ ಪಕ್ಕದ ಮನೆಯ ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಪಂಚನಾಮೆ ನಡೆಯಿತು. ಮನೆ ಎಚಾರ್ಟನ ಮನೆಗಿಂತ ಚೊಕ್ಕಟವಾಗಿತ್ತು. ಬಚ್ಚಲ ತೊಟ್ಟಿಯ ಜಾಲರಿಯಲ್ಲಿ ಬಿಳಿ ನೂಲಿನ ಎಳೆಗಳು ಸಿಕ್ಕವು. ಹಿತ್ತಲಲ್ಲಿ ಹೊಸದಾಗಿ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ, ಅದರ ಕೆಳಗೆ ಟೊಮ್ಯಾಟೊ ಗಿಡಗಳು. ಗಿಡಗಳನ್ನು ಕೋಲಿಗೆ ಕಟ್ಟಿದ್ದು ನೀಲಿ ಅಂಚಿನ ಬಿಳಿ ಬಟ್ಟೆಯ ಚಿಂದಿಯಿಂದ. ಸಾಕ್ಷಿಗಳು ಏನನ್ನೂ ನೋಡಿಲ್ಲವಂತೆ, ಕೇಳಿಲ್ಲವಂತೆ. ಎದುರುಮನೆಯ ನಾಯಿ ಸೀನಿದರೂ ಗೊತ್ತಾಗುವ ಜನ ಅವರು.

ಮಧ್ಯಾಹ್ನ ರೇವಾ ಊರೆಲ್ಲ ಸುತ್ತಿ ಬಂದಳು.

"ಸಾರ್, ಬೀಗ ಹಾಕಿರೋ ಇನ್ನೂ ನಾಲ್ಕು ಮನೇಲಿ ಇದೇ ಕತೆ. ಟೊಮ್ಯಾಟೊ, ಹಗ್ಗ, ನೀಲಿ ಅಂಚಿನ ಚಿಂದಿ."

"ನೀಲಿ ಅಂಚಿನ ಹಾಸಿಗೆ ಬಟ್ಟೆ ಈ ಊರಲ್ಲಿ ಇರೋದು ಎಲ್ಲಿ?"

"ಫ್ಲಾಯ್ಡ್ ಮೋಟೆಲಲ್ಲಿ."

ಫ್ಲಾಯ್ಡ್ ಕೆಟ್ನರ್ ಮೋಟೆಲಿನ ಮಾಲೀಕ, ಊರಿನ ಮೇಯರ್ ಕೂಡ. ಎಚಾರ್ಟ್ ಚಿಂದಿಯನ್ನು ಅವನ ಮೇಜಿನ ಮೇಲೆ ಹಾಕಿದ.

"ಇದು ನಿಂದೇನಾ?"

"ಹರಿದ ಬಟ್ಟೆ ತಗೊಂಡು ಬಂದು ತಲೆ ತಿನ್ಬೇಡ ಬ್ಯಾಟ್. ಗುರುವಾರ ರಾಜ್ಯದ ನೀರಿನ ಅಧಿಕಾರಿ ಬರ್ತಿದಾನೆ, ನನಗೆ ನಿದ್ದೆ ಇಲ್ಲ."

ಆ ಸಂಕಟ ಊರಿಗೆಲ್ಲ ಗೊತ್ತಿದ್ದದ್ದೇ. ಸರ್ಕಾರ ಊರಿಗೆ ಇಷ್ಟು ನೀರು ಎಂದು ಮಂಜೂರು ಮಾಡಿದರೆ ಮುಗಿಯಲಿಲ್ಲ. ಅಷ್ಟನ್ನೂ ಜನ ನಿಜವಾಗಿ ಮನೆಬಳಕೆಗೆ ಉಪಯೋಗಿಸಿದ್ದಾರೆಂದು ಗಡುವಿನೊಳಗೆ ರುಜುವಾತು ಮಾಡಬೇಕು. ರುಜುವಾತಾಗದ ಪಾಲು ಶಾಶ್ವತವಾಗಿ ಕೈಬಿಟ್ಟು ಹೋಗುತ್ತದೆ. ಕಣಿವೆಯ ಕೆಳಗೆ ಮೇವು ಬೆಳೆಯುವ ಕಂಪನಿಯೊಂದು ಆ ಪಾಲಿನ ಮೇಲೆ ಕಣ್ಣಿಟ್ಟು, ಊರಲ್ಲಿ ಐದು ಮನೆ ಖಾಲಿ ಬಿದ್ದಿವೆ ಎಂದು ಆಗಲೇ ತಕರಾರು ಹಾಕಿತ್ತು.

"ಐದು ಮನೆ ನೀರು ಹೋದ್ರೆ ಹೊಸ ನಲ್ಲಿ ಒಬ್ರಿಗೂ ಇಲ್ಲ," ಎಂದ ಫ್ಲಾಯ್ಡ್. "ಲೋರೀನ್ ಮೊಮ್ಮಗಳು ಜಿನ್ನಿ ಅರ್ಜಿ ಹಾಕಿ ಆರು ವರ್ಷ ಆಯ್ತು. ಎರಡು ಮಕ್ಕಳನ್ನ ಕಟ್ಕೊಂಡು ಊರಾಚೆ ನಲ್ಲಿ ಇಲ್ಲದ ಟ್ರೇಲರ್ ಮನೇಲಿ ಇದಾಳೆ. ನನ್ನ ಮೋಟೆಲಿಂದ ಕ್ಯಾನಲ್ಲಿ ನೀರು ಹೊತ್ಕೊಂಡು ಹೋಗ್ತಾಳೆ. ನಾನೂ ಸುಮ್ನೆ ಕೂತಿರ್ಲಿಲ್ಲಪ್ಪ. ಜೂನಲ್ಲಿ ಅಗ್ನಿಶಾಮಕದ ನಲ್ಲಿ ತಿರುಗಿಸಿ ಎರಡು ದಿನ ಹಳ್ಳಕ್ಕೆ ನೀರು ಬಿಟ್ಟೆ, ಮೀಟರ್ ಓಡ್ಲಿ ಅಂತ."

"ಅಯ್ಯೋ ಪುಣ್ಯಾತ್ಮ! ಮರುಭೂಮೀಲಿ?"

"ಲೋರೀನೂ ಬೀದೀಲಿ ನಿಂತು ಹಾಗೇ ಉಗಿದ್ಲು. 'ಹಳ್ಳಕ್ಕೆ ಸುರಿದಿದ್ದು ಲೆಕ್ಕಕ್ಕೆ ಬರಲ್ಲ ಕಣೋ ದಡ್ಡ, ಕುಡೀಬೇಕು, ಬೇಯಿಸ್ಬೇಕು, ಒಗೀಬೇಕು, ಅದೇ ಬಳಕೆ' ಅಂತ."

"ನಿನ್ನ ಮೋಟೆಲ್ ಬಟ್ಟೆ ಒಗೆಯೋರು ಯಾರು?"

ಫ್ಲಾಯ್ಡ್ ಕಿಟಕಿಯ ಕಡೆ ನೋಡುತ್ತ, "ಲೋರೀನೇ," ಎಂದ.

ಲೋರೀನ್ ಟ್ರೆಗಾಸ್ಕಿಸ್ ಮೂವತ್ತು ವರ್ಷ ಊರಿನ ಲಾಂಡ್ರಿ ನಡೆಸಿದವಳು. ಊರು ಬಿಟ್ಟು ಹೋಗುವವರು ಮನೆಯ ಬೀಗದ ಕೈಯನ್ನು ಲಾಂಡ್ರಿಯಲ್ಲಿ ಕೊಟ್ಟು ಹೋಗುವುದು ಅಲ್ಲಿಯ ರೂಢಿ. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟಿ ಒಡೆಯದಂತೆ ಅವಳು ನೋಡಿಕೊಳ್ಳುತ್ತಿದ್ದಳು. ಲಾಂಡ್ರಿ ಮುಚ್ಚಿದ ಮೇಲೂ ಬೀಗದ ಕೈಗಳು ಅವಳ ಗೋಡೆಯ ಮೊಳೆಗಳಲ್ಲೇ ಇದ್ದವು. ಬೀಗ ಯಾಕೆ ಒಡೆದಿರಲಿಲ್ಲ ಎಂಬುದು ಎಚಾರ್ಟನಿಗೆ ಆಗ ಹೊಳೆಯಿತು. ಇಷ್ಟು ತಡವಾಗಿ ಹೊಳೆದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಅವಳು ಸಿಕ್ಕಿಬಿದ್ದಳು. ಎರಡನೇ ಬೀದಿಯ ಖಾಲಿ ಮನೆಯ ಬಚ್ಚಲಲ್ಲಿ, ಎಪ್ಪತ್ತೊಂದು ವರ್ಷದ ಹೆಂಗಸು, ಮೊಣಕೈವರೆಗೆ ಸೋಪಿನ ನೊರೆ. ಒಲೆಯ ಮೇಲೆ ಬೀನ್ಸ್ ಬೇಯುತ್ತಿತ್ತು.

"ಒರೆಸಿದ ನೆಲ, ಬೂಟು ಬಿಚ್ಚೋ," ಎಂದಳು.

"ಲೋರೀನಮ್ಮ, ನೀವು ಏನು ಮಾಡ್ತಿದೀರಿ ಗೊತ್ತಾ?"

"ಒಗೀತಿದೀನಿ. ಕಣ್ಣು ಕಾಣಲ್ವಾ?"

ಠಾಣೆಗೆ ಕರೆತಂದದ್ದೇನೋ ಆಯಿತು. ಎಚಾರ್ಟನಿಗೆ ಇದನ್ನು ಹೇಗಾದರೂ ತೊಳೆದುಕೊಂಡರೆ ಸಾಕಾಗಿತ್ತು. ಲುಂಡ್‌ಬರ್ಗನಿಗೆ ಫೋನ್ ಮಾಡಿದ. ಬೇರೆ ಮಾಲೀಕರು ಯಾರೂ ದೂರು ಕೊಟ್ಟಿರಲಿಲ್ಲ. ನೆಲ ರಿಪೇರಿ ಮಾಡಿಸಿಕೊಟ್ಟರೆ ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಲುಂಡ್‌ಬರ್ಗನೂ ಒಪ್ಪಿದ.

"ಮುಗೀತು," ಎಂದ ಎಚಾರ್ಟ್. "ಎಚ್ಚರಿಕೆ ಕೊಟ್ಟು ಬಿಡ್ತೀನಿ. ಮನೆಗೆ ಹೋಗಿ."

"ಹೋಗಲ್ಲ."

"ಹೋಗಲ್ಲ ಅಂದ್ರೆ?"

"ನಾಳೆ ಕಂಪನಿ ವಕೀಲ ಬಂದು ಆ ಮನೆಗಳು ಖಾಲಿ ಅಂತಾನೆ. ಅಲ್ಲಪ್ಪ, ನಾನು ಅಲ್ಲಿ ಒಗೆದೆ, ಬೇಯಿಸಿದೆ ಅಂತ ನಾನು ಹೇಳಿದ್ರೆ, ಊರಿನ ಮುದುಕಿ ಊರ ಪರವಾಗಿ ಸುಳ್ಳು ಹೇಳ್ತಾಳೆ ಅಂತಾನೆ. ಪೊಲೀಸು ಕೇಸು ಮಾಡಿದ್ರೆ ಇಲ್ಲ ಅಂತಾನಾ? ಹಿಡಿದು ಹಾಕು. ಐದು ಮನೇದೂ ಸರಿಯಾಗಿ ಬರಿ."

ಎಚಾರ್ಟ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಜೈಲು ಅಂದ್ರೆ ನಿಮಗೆ ಮಕ್ಕಳಾಟನಾ? ನನ್ನ ಪ್ರಾಣ ಯಾಕೆ ತಿಂತೀರಿ?"

"ಸಾರ್, ಅವರು ಹೇಳೋದ್ರಲ್ಲಿ ಅರ್ಥ ಇದೆ," ಎಂದಳು ರೇವಾ.

"ನೀನು ಬೇರೆ!"

ಆದರೂ ಬರೆದ. ಬರೆದು ಓದಿದ: ಆರೋಪಿಯು ಐದು ಮನೆಗಳಿಗೆ ಅಕ್ರಮವಾಗಿ ಪ್ರವೇಶಿಸಿ ನೀರು ಪೋಲು ಮಾಡಿರುತ್ತಾಳೆ.

"ಸಹಿ ಹಾಕಲ್ಲ. ಒಂದು ಲೋಟ ಪೋಲು ಮಾಡಿಲ್ಲ ನಾನು. ಬಟ್ಟೆ ಒಗೆದ ನೀರನ್ನೇ ಟೊಮ್ಯಾಟೊಗೆ ಹಾಕಿದೀನಿ. ಹಾಗಂತ ಬರಿ."

ಅವನು ಹಲ್ಲು ಕಡಿದು ತಿದ್ದಿ ಬರೆದ. ಅವಳು ಕನ್ನಡಕ ಏರಿಸಿ ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಲುಂಡ್‌ಬರ್ಗ್ ಮನೇಲಿ ತೊಟ್ಟಿ ಉಕ್ಕಿದ್ದನ್ನ ಎಲ್ಲಿ ಬರೆದಿದೀಯ? ನಲ್ಲಿ ಬಿಟ್ಟು ನಿದ್ದೆ ಹೋಗಿಬಿಟ್ಟೆ. ಅದು ಪೋಲೇ. ಅದನ್ನ ಪೋಲು ಅಂತಲೇ ಬರಿ. ನೆಲದ ಖರ್ಚು ನಂದು."

ಕಾರಣದ ಅಂಕಣದಲ್ಲಿ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡ. ಸಂಜೆ ಐದೂಮುಕ್ಕಾಲಿಗೆ ಬಂಧನವಾಯಿತು. ಲಾಕಪ್ಪಿನ ಕಂಬಳಿಯನ್ನು ಮೂಸಿ ನೋಡಿ ಅವಳು ಬಕೆಟ್ ಕೇಳಿದಳು. ಠಾಣೆಯದೂ ಊರಿನ ನೀರೇ ತಾನೆ ಎಂದಳು. ಎಚಾರ್ಟನಿಗೆ ಜಗಳವಾಡುವ ಚೈತನ್ಯ ಉಳಿದಿರಲಿಲ್ಲ, ಬಕೆಟ್ ಕೊಟ್ಟ.

ಗುರುವಾರ ರಾಜ್ಯದ ಅಧಿಕಾರಿ ಐದೂ ಮನೆ ನೋಡಿದ, ಮೀಟರುಗಳನ್ನು ನೋಡಿದ, ಟೊಮ್ಯಾಟೊ ಗಿಡದ ಬುಡಕ್ಕೆ ಬೆರಳಿಟ್ಟು ಮಣ್ಣು ಮುಟ್ಟಿದ. ಕಂಪನಿಯ ವಕೀಲ ಜೊತೆಗೇ ಗೊಣಗುತ್ತ ಸುತ್ತಿದ. ಕೊನೆಗೆ ಠಾಣೆಗೆ ಬಂದು ಅಧಿಕಾರಿ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ.

"ಇದನ್ನ ಪ್ರಮಾಣ ಮಾಡಿ ಹೇಳ್ತೀರಾ, ಸಾರ್ಜೆಂಟ್?"

"ಹೇಳ್ತೀನಿ. ಕಣ್ಣಾರೆ ನೋಡಿದೀನಿ."

"ಕಳ್ಳಿ ಬಳಸಿದ್ದೂ ಬಳಕೆನಾ?" ಎಂದ ವಕೀಲ.

"ಒಗೆದವರು ಯಾರು ಅಂತ ನಾನು ಕೇಳಲ್ಲ. ಒಗೆದಿದಾರಾ ಇಲ್ವಾ, ಅಷ್ಟೇ." ಅಧಿಕಾರಿ ಐದು ಮನೆಗಳನ್ನೂ ಬಳಕೆಯಲ್ಲಿವೆ ಎಂದು ಗುರುತು ಮಾಡಿಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ: "ನನಗೆ ಸಂಬಂಧ ಇಲ್ಲ, ಆದ್ರೂ ಕೇಳ್ತೀನಿ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಅವರಿಗೆ?"

ಅವನು ಓದಿಯೂ ಗಮನಿಸದೆ ಬಿಟ್ಟ ಕಾರಣದ ಅಂಕಣವನ್ನು ಎಚಾರ್ಟ್ ತೋರಿಸಿದ. ಅಲ್ಲಿ ಇದ್ದದ್ದು ಇಷ್ಟು: ಮೊಮ್ಮಗಳು ಜಿನ್ನಿಯ ಮಕ್ಕಳಿಬ್ಬರಿಗೂ ಸ್ನಾನಕ್ಕೆ ಒಂದೇ ಟಬ್ ನೀರು. ಮೊದಲು ದೊಡ್ಡವಳು, ಅದೇ ನೀರಲ್ಲಿ ಆಮೇಲೆ ಚಿಕ್ಕವನು. ಸ್ನಾನದ ನೀರಿನ ಬಣ್ಣವೇ ಬೂದು ಎಂದು ಅವನು ತಿಳಿದುಕೊಂಡಿದ್ದಾನೆ.